ಬಗ್ಗಿ ನೋಡುತ್ತಿದ್ದವರು

ಗ್ಯಾಸ್ ತಂದವನು ಚೀಟಿ ಮುಂದೆ ಹಿಡಿದರೆ ನಾನು ಕನ್ನಡಕ ಹುಡುಕಲು ಒಳಗೆ ಹೋಗುತ್ತೇನೆ. ಅವನು ಬಿಸಿಲಲ್ಲಿ ಕಾಯುತ್ತಾನೆ. "ಆಯಿ, ಅದರಾಗ ಓದಾಕ ಏನೈತಿ? ಸಹಿ ಹಾಕಿ ಕೊಡು," ಎಂದು ಮೊಮ್ಮಕ್ಕಳು ನೀವಿಬ್ಬರೂ, ಅಕ್ಕ ತಮ್ಮ, ನಗುತ್ತೀರಿ. ಹೋದ ದೀಪಾವಳಿಗೆ ತಮ್ಮ ನನ್ನ ಕನ್ನಡಕ ಏರಿಸಿಕೊಂಡು, ಬಿಸ್ಕತ್ತಿನ ಪೊಟ್ಟಣವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಅಕ್ಷರ ಅಕ್ಷರ ಓದಿ ತೋರಿಸಿದ. ನಾನೂ ನಕ್ಕೆ. ಯಾಕೆ ಹಾಗೆ ಮಾಡುತ್ತೇನೆ ಎಂದು ಹೇಳಲಿಲ್ಲ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ಊರ ಸಾಲಿಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳಿವೆ, ಅವುಗಳಲ್ಲೇ ಬರೆಯುತ್ತೇನೆ.

ಈ ಬೇಸಿಗೆಯಲ್ಲಿ ಒಬ್ಬರು ತೀರಿಕೊಂಡರು. ನೀವು ಅವರನ್ನು ನಮ್ಮ ಕಟ್ಟೆಯ ಮೇಲೆ ನೋಡಿದ್ದೀರಿ, ಗುರುತು ಇರಲಿಕ್ಕಿಲ್ಲ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನೌಕರಿ ಬಿಟ್ಟ ಮೇಲೂ ನಿಂತುಕೊಂಡಾಗ ಕಾಲು ಅಗಲಿಸಿ ನಿಲ್ಲುತ್ತಿದ್ದರು, ನೆಲ ಎಲ್ಲಿ ಅಲುಗೀತೋ ಎಂಬಂತೆ. ಅವರ ಹೆಸರು ಬರೆಯುವುದಿಲ್ಲ. ಅದಕ್ಕೆ ಅವರೇ ಕಾರಣ, ಮುಂದೆ ಹೇಳುತ್ತೇನೆ. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ. ಅವರು ನನ್ನನ್ನು ತಂಗೆವ್ವ ಎನ್ನುತ್ತಿದ್ದರು.

ಯಾವ ಕೋಣೆಗೆ ಬಂದರೂ ಅವರು ಮೊದಲು ಬಗ್ಗುತ್ತಿದ್ದರು. ಕುರ್ಚಿಯ ಕೆಳಗೆ, ಮಂಚದ ಕೆಳಗೆ ಒಮ್ಮೆ ನೋಡಿ ಆಮೇಲೆ ಕೂರುತ್ತಿದ್ದರು. ಬಗ್ಗುವಾಗ ಅವರ ಬಲ ಮೊಣಕಾಲು ಚಟ್ ಎನ್ನುತ್ತಿತ್ತು. ಒಣ ಜೋಳದ ದಂಟು ಮುರಿದ ಸಪ್ಪಳ. ನೌಕರಿಯಲ್ಲಿ ಇದ್ದಾಗ ಪ್ರತಿ ಟ್ರಿಪ್ ಮುಗಿದ ಮೇಲೆ ಬಸ್ಸಿನ ಒಂದೊಂದು ಸೀಟಿನ ಕೆಳಗೂ ಹಾಗೆ ಬಗ್ಗಿ ನೋಡಿ ಇಳಿಯುವುದು ಅವರ ರೂಢಿ. ಬಿಟ್ಟುಹೋದ ಚಪ್ಪಲಿ, ಬುತ್ತಿ, ಒಮ್ಮೆ ಒಂದು ಕೋಳಿ, ಎಲ್ಲ ಸಿಕ್ಕಿತ್ತಂತೆ.

ಅದೇ ರೂಢಿಯಿಂದ ಅವರು ಹೆಣ್ಣುಮಕ್ಕಳ ಹಾಸ್ಟೆಲಿನ ಟ್ರಸ್ಟಿಗೆ ಬಂದರು. ಬೇವೂರಿನ ಕಡೆಯ ಒಬ್ಬ ಅಜ್ಜಿ ಅವರ ಬಸ್ಸಿನಲ್ಲಿ ಯಲಬುರ್ಗಾಕ್ಕೆ ಓಡಾಡುತ್ತಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ಒಂದು ದಿನ ಮನೆಯ ಕಾಗದಗಳನ್ನೆಲ್ಲ ಸುತ್ತಿಟ್ಟ ಗಂಟನ್ನು ಸೀಟಿನ ಕೆಳಗೆ ಮರೆತು ಇಳಿದಳು. ಮರುದಿನ ಅಣ್ಣಾರು ಅದನ್ನು ಆಕೆಯ ಬಾಗಿಲಿಗೆ ಒಯ್ದು ಕೊಟ್ಟರು. ಗಂಟು ಬಿಚ್ಚಿರಲಿಲ್ಲ. ಕೆಲವು ವರ್ಷ ಕಳೆದು ಆ ಅಜ್ಜಿ ಯಲಬುರ್ಗಾದಲ್ಲಿದ್ದ ತನ್ನ ಮನೆಯನ್ನು ದಾನ ಬರೆದಳು. ಹಳ್ಳಿಗಳಿಂದ ಹೈಸ್ಕೂಲು ಕಲಿಯಲು ಬರುವ ಹೆಣ್ಣುಮಕ್ಕಳು ಅಲ್ಲಿ ಬಿಟ್ಟಿಯಾಗಿ ಉಳಿಯಬೇಕು, ಉಣ್ಣಬೇಕು. ಅದನ್ನು ನೋಡಿಕೊಳ್ಳಲು ಐದು ಮಂದಿ ಟ್ರಸ್ಟಿಗಳು. ನಾಲ್ವರು ಊರಿನ ದೊಡ್ಡವರು. ಐದನೆಯವರು ಈ ಕಂಡಕ್ಟರ್. ಯಾರೋ ಕೇಳಿದಾಗ ಅಜ್ಜಿ, "ಯಾರೂ ನೋಡದ ಜಾಗಾ ಬಗ್ಗಿ ನೋಡಾವ ಒಬ್ಬ ಬೇಕಲ್ಲಪ," ಎಂದಳಂತೆ.

ದಾನಪತ್ರದಲ್ಲಿ ಅಜ್ಜಿ ಎರಡು ಮಾತು ಗಟ್ಟಿಯಾಗಿ ಬರೆಸಿದ್ದಳು. ಐವರಲ್ಲಿ ಒಬ್ಬಾಕೆ ಹೆಣ್ಣುಮಗಳು ಇರಲೇಬೇಕು. ಐವರಲ್ಲಿ ಇಬ್ಬರು ಬೇಡ ಅಂದರೆ ಆ ಮನೆಯನ್ನು ಬೇರೆ ಯಾವ ಕೆಲಸಕ್ಕೂ ಬಳಸಕೂಡದು.

ನಿಮ್ಮ ಅಜ್ಜ ಆ ನಾಲ್ವರಲ್ಲಿ ಒಬ್ಬರಾಗಿದ್ದರು. ಅದಾಗಲೇ ಟ್ರಸ್ಟಿನಲ್ಲಿದ್ದ ಹೆಣ್ಣುಮಗಳು, ಒಬ್ಬ ಟೀಚರ್, ವರ್ಗವಾಗಿ ಕುಷ್ಟಗಿಗೆ ಹೋಗಿ, ಅವರ ಜಾಗಕ್ಕೆ ಗಂಡಸೊಬ್ಬರು ಬಂದಿದ್ದರು. ಅಜ್ಜ ಹೋದ ಮೇಲೆ ಟ್ರಸ್ಟಿನ ಅಧ್ಯಕ್ಷರು ನಮ್ಮ ಮನೆಗೆ ಬಂದು, "ಯಜಮಾನರ ಕುರ್ಚಿ ಖಾಲಿ ಇಡೋದು ಛಲೋ ಅಲ್ರಿ ಅಮ್ಮಾರ. ನೀವ ಬರ್ರಿ. ಮಾತಾಡೋ ಕೆಲಸ ಏನಿಲ್ಲ," ಎಂದರು. ಮಾತಾಡೋ ಕೆಲಸ ಇಲ್ಲ ಅಂದದ್ದಕ್ಕೇ ನಾನು ಒಪ್ಪಿಕೊಂಡೆ.

ಹಾಸ್ಟೆಲಿನಲ್ಲೇ ನಡೆದ ಮೊದಲ ಮೀಟಿಂಗಿನಲ್ಲಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದೆ. ಅಣ್ಣಾರು ಬಂದವರು ಕೂರಲೇ ಇಲ್ಲ. "ಏಳ್ರಿ ತಂಗೆವ್ವಾ. ಮೊದಲ ಮನಿ ನೋಡಿ ಬರೋಣು, ಆಮ್ಯಾಲೆ ಮನಿ ಮಾತು," ಎಂದರು. ನಾನು ಅವರ ಹಿಂದೆ ನಡೆದೆ. ಒಂದೊಂದು ಮಂಚದ ಕೆಳಗೂ ಬಗ್ಗಿದರು. ಗಾದಿ ಎತ್ತಿ ಕೈ ಇಟ್ಟು ತಂಪು ಹಿಡಿದಿದೆಯೇ ನೋಡಿದರು. ಬಚ್ಚಲಿನ ಚಿಲಕ ಒಳಗಿನಿಂದ ಹಾಕಿ, ತೆಗೆದು, ಮತ್ತೆ ಹಾಕಿದರು. ಅಡಿಗೆಮನೆಯಲ್ಲಿ ಸಾರಿನ ಪಾತ್ರೆಯೊಳಗೆ ಇಣುಕಿ, "ಏನಬೇ, ಸಾರಿನಾಗ ನನ್ನ ಮಾರಿ ಕಾಣಾಕತ್ತೇತಿ. ನಾ ಇಲ್ಲಿ ಗಡ್ಡ ಕೆರಕೊಳ್ಳಾಕ ಬಂದಿಲ್ಲ," ಎಂದರು.

ಅಡಿಗೆಯವಳು ಸೌಟು ಬಿಡದೆ, "ಕಂಡ್ರ ಕಾಣಲಿ ಬಿಡ್ರಿ. ನಿಮ್ಮ ಮಾರಿ ನೋಡಿ ಹುಡುಗ್ಯಾರು ಒಂದು ರೊಟ್ಟಿ ಕಡಿಮಿ ತಿಂತಾರ, ಉಳೀತೈತಿ," ಎಂದಳು. ಹುಡುಗಿಯರು ನಕ್ಕರು. ಮರುದಿನದಿಂದ ಸಾರು ಗಟ್ಟಿಯಾಯಿತು.

ಒಳಗೆ ಬಂದಾಗ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. "ಕಂಡಕ್ಟರ್ ಸಾಹೇಬ್ರು ಚೆಕಿಂಗ್ ಮುಗಿಸ್ಯಾರ. ಇನ್ನ ಗಾಡಿ ಬಿಡೋಣೇನು?" ಎಂದರು. ಅಣ್ಣಾರು ನಕ್ಕು, "ರೈಟ್," ಎಂದು ಕೂತರು.

ಮೀಟಿಂಗಿನ ತೀರ್ಮಾನಗಳ ಠರಾವು ಬರೆಯುವ ಪುಸ್ತಕ ಹೊಸದಾಗಿ ತಂದಾಗ, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಮೂಲೆಯಲ್ಲಿ ಅಂಕಿ ಬರೆದವರು ಅವರೇ. ಅರ್ಧ ದಿನ ಕೂತು ಬರೆದರು. "ಟಿಕೀಟಿಗೆ ನಂಬರ್ ಇರಲಿಲ್ಲಂದ್ರ ಎಂಥಾ ಕಂಡಕ್ಟರ್‌ನೂ ಒಂದ ದಿನ ಕಳ್ಳ ಆಗ್ತಾನ. ಮನಿಷಾನ ಪರೀಕ್ಷಾ ಮಾಡಬಾರದ್ರಿ, ನಂಬರ್ ಹಾಕಬೇಕು," ಎಂದರು.

ಒಂದು ವರ್ಷ ಅವರ ಮಗಳ ಮಗಳು ಹಾಸ್ಟೆಲಿಗೆ ಅರ್ಜಿ ಹಾಕಿದ್ದಳು. ಆ ಅರ್ಜಿ ಓದುವ ಹೊತ್ತಿಗೆ ಅಣ್ಣಾರು ಎದ್ದು ಹೊರಗೆ ಹೋಗಿ, ನಾವು ಚಪ್ಪಲಿ ಬಿಟ್ಟ ಜಾಗದಲ್ಲಿ ಕೂತರು. ಕರೆದರೂ ಬರಲಿಲ್ಲ. "ನಮ್ಮ ಮನಿ ಹುಡುಗಿ ಮಾತು ಬಂದಾಗ ನನ್ನ ಕಿವಿ ಹೊರಗ ಇರಬೇಕ್ರಿ," ಎಂದರು. ಒಳಗೆ ನಾವು, ದೂರದ ಹಳ್ಳಿಯ ಇನ್ನೊಬ್ಬ ಹುಡುಗಿಗೆ ಜಾಗ ಕೊಟ್ಟೆವು. ಅವರ ಹೆಂಡತಿ, ನಾನು ಭಾಬಿ ಎನ್ನುತ್ತಿದ್ದೆ, ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟಿದ್ದರು. "ಮಾತಿಲ್ಲದ ಮನ್ಯಾಗ ರೊಟ್ಟಿ ಭಾಳ ರುಚಿ ಇರತಾವ ತಂಗೆವ್ವಾ," ಎಂದು ಅಣ್ಣಾರು ನನ್ನ ಮುಂದೆ ನಕ್ಕರು. ಕಣ್ಣು ನಗಲಿಲ್ಲ. ಆ ಮೊಮ್ಮಗಳ ಮೇಲೆ ಅವರಿಗೆ ಜೀವ ಇತ್ತು.

ಹೆಸರಿನ ಮಾತು. ಹಾಸ್ಟೆಲಿನ ಗೋಡೆಗೆ ಟ್ರಸ್ಟಿಗಳ ಹೆಸರಿನ ಕಲ್ಲು ಕೂರಿಸಬೇಕೆಂದು ಅಧ್ಯಕ್ಷರು ಹೇಳಿದಾಗ ಅಣ್ಣಾರು ತಮ್ಮ ಹೆಸರು ಬೇಡ ಎಂದರು. "ಬಸ್ಸಿನ ಮ್ಯಾಲ ಊರ ಹೆಸರು ಬರೀತಾರ. ಕಂಡಕ್ಟರ್ ಹೆಸರು ಯಾರರ ಬರೀತಾರೇನ್ರಿ?" ಎಂದರು. ಇನ್ನೊಂದು ಸಲ ಅವರು ತಮ್ಮ ಮನೆಯ ಮಾತಿನಲ್ಲಿ ಅಮಾನತ್ ಎಂದರು. ಇನ್ನೊಬ್ಬರ ವಸ್ತು, ನಮ್ಮ ಕೈಯಲ್ಲಿ ಇಟ್ಟುಹೋದದ್ದು. "ಇಟ್ಟಾಕಿ ಹೋಗ್ಯಾಳ. ಕೇಳಾಕ ಬರೋದಿಲ್ಲ. ಅದಕ್ಕ ಹೆಚ್ಚು ಹೆದರಬೇಕು," ಎಂದರು.

ಇನ್ನು ನನ್ನ ಮಾತು ಬರೆಯಬೇಕು.

ಮೀಟಿಂಗ್ ಮುಗಿದ ಮೇಲೆ ಠರಾವಿನ ಕೆಳಗೆ ಐವರೂ ಸಹಿ ಮಾಡಬೇಕು. ಹೆಣ್ಣುಮಗಳು ಗಂಡಸರ ನಡುವೆ ಕೂತು ಕಾಯುವುದು ಬೇಡವೆಂದು ಪುಸ್ತಕವನ್ನು ನನ್ನ ಮನೆಗೇ ಕಳಿಸುವ ಪದ್ಧತಿ ಬಂತು. ಅಧ್ಯಕ್ಷರ ಗುಮಾಸ್ತ ತರುತ್ತಿದ್ದ. ಬರಬರುತ್ತ ನಾನು ಮೀಟಿಂಗಿಗೆ ಹೋಗುವುದನ್ನೂ ಬಿಟ್ಟೆ. ಪುಸ್ತಕವೇ ಬರುತ್ತಿತ್ತಲ್ಲ. ಗುಮಾಸ್ತ, "ನಿಮ್ಮ ಅಕ್ಷರ ಮುತ್ತು ಪೋಣಿಸಿದಂಗ ಅದಾವ್ರಿ ಅಮ್ಮಾರ. ಅಧ್ಯಕ್ಷರು ಎಲ್ಲಾರಿಗೂ ತೋರಸ್ತಾರ," ಎನ್ನುತ್ತಿದ್ದ. ನನ್ನ ಅಕ್ಷರವನ್ನು ಹೊಗಳಿದವರು ಸಾಲಿಯ ಮಾಸ್ತರರ ನಂತರ ಅವನೊಬ್ಬನೇ. ನನಗೆ ಹಿಗ್ಗಾಗುತ್ತಿತ್ತು. ಬಾಗಿಲಲ್ಲೇ ನಿಂತು, ಕೈಗೆ ರೊಟ್ಟಿ ಹಿಟ್ಟು ಹತ್ತಿದ್ದರೂ ಒರೆಸಿಕೊಂಡು, ಅವನು ಬೆರಳು ಇಟ್ಟಲ್ಲಿ ಚೆಂದಾಗಿ ಸಹಿ ಮಾಡುತ್ತಿದ್ದೆ.

ಒಂದು ಸಲ ನಿಮ್ಮ ಅಪ್ಪನ ಮದುವೆಯ ಓಡಾಟ. ಗುಮಾಸ್ತ ಬಂದು, "ಮದಿವಿ ಮನ್ಯಾಗ ಘಳಿಗಿ ಘಳಿಗಿಗೆ ನಿಮಗ ತೊಂದ್ರಿ ಕೊಡೋದು ಬ್ಯಾಡ್ರಿ. ಮುಂದಿನ ಮೂರು ಹಾಳಿ ಕೆಳಗ ಈಗ ಮಾಡಿಬಿಡ್ರಿ," ಎಂದ. ಎಷ್ಟು ಕಾಳಜಿ ಮಾಡುತ್ತಾರೆ ಎಂದುಕೊಂಡೆ. ಮೂರು ಖಾಲಿ ಹಾಳೆಗಳ ಕೆಳಗೆ ಮೂರು ಸಹಿ ಮಾಡಿ, ಅವನಿಗೆ ಲಾಡು ಕೊಟ್ಟು ಕಳಿಸಿದೆ.

ಮದುವೆಯಾಗಿ ಕೆಲವು ತಿಂಗಳಿಗೆ ಅಣ್ಣಾರು ಮನೆಗೆ ಬಂದರು. ಕಟ್ಟೆಯ ಕೆಳಗೆ ಬಗ್ಗಿ ನೋಡಿ ಕೂತರು. ಚಹಾವನ್ನು ಸಾಸರಿಗೆ ಸುರುವಿಕೊಂಡರು. ಕುಡಿಯಲಿಲ್ಲ.

"ತಂಗೆವ್ವಾ, ಮುಂದಿನ ವಾರ ಮೀಟಿಂಗಿನ್ಯಾಗ ರಿಪೇರಿ ಮಾತು ತರ್ತಾರ. ಹುಡುಗ್ಯಾರನ್ನ ಊರಿಗೆ ಕಳಿಸಿ, ರಸ್ತಾದ ಕಡಿ ಗೋಡಿ ಒಡದು ಅಂಗಡಿ ಮಾಡ್ತಾರಂತ. ಅಂಗಡಿ ಅಧ್ಯಕ್ಷರ ಅಳಿಯಗ. ರಿಪೇರಿ ಅನ್ನೋದು ಬರೇ ಹೆಸರು. ಒಮ್ಮಿ ಹೋದ ಹುಡುಗ್ಯಾರು ತಿರುಗಿ ಬರೋದಿಲ್ಲ."

ನಾನು ಚಹಾದ ಪಾತ್ರೆ ಕೆಳಗಿಟ್ಟೆ.

"ಇಬ್ಬರು ಬ್ಯಾಡ ಅಂದ್ರ ಆಗೋದಿಲ್ಲ. ನಾ ಒಬ್ಬ ಅದೀನಿ. ನೀವು ಬಂದು ಕೂತು ಒಂದ ಮಾತು ಕೇಳ್ರಿ ಸಾಕು, 'ಹುಡುಗ್ಯಾರು ಯಾವಾಗ ಬರ್ತಾರ?' ಅಂತ. ಉಳಿದದ್ದು ನಾ ನೋಡಕೋತೀನಿ."

"ಬರ್ತೀನ್ರಿ ಅಣ್ಣಾರ," ಎಂದೆ.

ಖಾಲಿ ಹಾಳೆಗಳ ಮಾತು ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಹಾಳೆಗಳಿಗೆ ನಂಬರ್ ಹಾಕಿದವರ ಮುಂದೆ, ನಾನು ಓದದೆ ಸಹಿ ಮಾಡಿದ್ದೇನೆ ಎಂದು ಹೇಗೆ ಹೇಳುವುದು? ಮೀಟಿಂಗಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ನಾಲ್ಕು ಜನರ ನಡುವೆ ಎಂದೂ ಬಾಯಿ ತೆರೆಯದವಳು ಹಾಗೆ ಅಂದುಕೊಂಡೆ.

ಆ ದಿನ ಹೋದೆ. ಅದೇ ಬಾಗಿಲ ಹತ್ತಿರದ ಕುರ್ಚಿ. ಅಣ್ಣಾರು ನನ್ನನ್ನು ನೋಡಿ ತಲೆ ಆಡಿಸಿದರು. ಅವರ ಮುಖದಲ್ಲಿ ಒಂದು ಧೈರ್ಯ ಇತ್ತು, ನನ್ನಿಂದ ಬಂದ ಧೈರ್ಯ. ಅಣ್ಣಾರು, "ನನ್ನ ಒಪ್ಪಿಗಿ ಇಲ್ರಿ," ಎಂದರು. ಅಧ್ಯಕ್ಷರು ನಗುತ್ತಾ ಪುಸ್ತಕ ತಿರುಗಿಸಿ ಅವರ ಮುಂದೆ ಸರಿಸಿದರು. "ನಿಮ್ಮೊಬ್ಬರದ ಸಹಿ ಇಲ್ಲ. ನೋಡ್ರಿ, ಅಮ್ಮಾರದು ಆಗಲೇ ಆಗೇತಿ."

ಹಾಳೆಯ ತುಂಬ ಹೊಸ ಬರಹ. ಕೆಳಗೆ ನನ್ನ ಸಹಿ, ಮುತ್ತಿನಂಥದು.

ಅಣ್ಣಾರು ಬಹಳ ಹೊತ್ತು ನೋಡಿದರು. ಒಂದು ಹಾಳೆ ತಿರುವಿ ಮುಂದಿನದನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ತಂಗೆವ್ವಾ, ಏನಾರ ಹೇಳೋದು ಐತೇನು?" ಎಂದರು. ಮೆತ್ತಗೆ ಕೇಳಿದರು, ಬಸ್ಸಿನಲ್ಲಿ ಮುದುಕಿಗೆ ಸ್ಟಾಪ್ ಯಾವುದೆಂದು ಕೇಳುವ ಹಾಗೆ. ಆಗ ಒಂದು ಮಾತು ಸಾಕಿತ್ತು. ಸಹಿ ಮಾಡಿದಾಗ ಹಾಳೆ ಖಾಲಿ ಇತ್ತು ಎಂಬ ಮಾತು. ಅಧ್ಯಕ್ಷರು ನೋಡುತ್ತಿದ್ದರು, ಗುಮಾಸ್ತ ನೋಡುತ್ತಿದ್ದ. ನಾನು ನೆಲದ ಫರಸಿ ನೋಡಿದೆ. ಎರಡು ಕಲ್ಲಿನ ನಡುವೆ ಒಂದು ಇರುವೆ ಹೋಗುತ್ತಿತ್ತು. ಅದು ಗೋಡೆ ಮುಟ್ಟುವವರೆಗೂ ನೋಡಿದೆ.

"ಇಲ್ಲಂದ್ರ ಇಲ್ಲ ಬಿಡ್ರಿ," ಎಂದರು ಅಣ್ಣಾರು. "ಅವರಿಗೆ ನೀರು ಕೊಡ್ರಪಾ ಯಾರರ. ಬಿಸಿಲಾಗ ಬಂದಾರ."

ಹುಡುಗಿಯರು ಹೊರಟ ದಿನ ಅವರನ್ನು ಬಸ್ ಸ್ಟ್ಯಾಂಡಿಗೆ ಕರೆದೊಯ್ದು, ಟ್ರಂಕು ಏರಿಸಿ, ಒಬ್ಬೊಬ್ಬರನ್ನೂ ಅವರವರ ಊರಿನ ಬಸ್ಸಿನಲ್ಲಿ ಕೂರಿಸಿದವರು ಅಣ್ಣಾರೇ. ನಾನು ದೂರದಿಂದ ನೋಡಿದೆ. ಆಮೇಲೆ ತಿರುಗಿ ಹಾಸ್ಟೆಲಿಗೆ ಹೋಗಿ ಪ್ರತಿ ಮಂಚದ ಕೆಳಗೆ ಬಗ್ಗಿ ನೋಡಿದರಂತೆ. ಒಂದು ಕೆಂಪು ರಿಬ್ಬನ್ ಸಿಕ್ಕಿತಂತೆ. ಅದು ಯಾರದೆಂದು ವಾರಗಟ್ಟಲೆ ಬೇರೆ ಬೇರೆ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಹೇಳಿಕಳಿಸಿದರು.

ಅಂಗಡಿಗಳಾದವು. ಹಿಂದಿನ ಕೋಣೆಗಳು ಅಂಗಡಿಯ ಗೋದಾಮುಗಳಾದವು. ಆಮೇಲೆ ಮೀಟಿಂಗ್ ಎನ್ನುವುದೇ ನಿಂತಿತು. ಪುಸ್ತಕ ಅಧ್ಯಕ್ಷರ ಕಪಾಟು ಸೇರಿತು. ಅಣ್ಣಾರು ಮಾತ್ರ ತಿಂಗಳಿಗೆ ಒಮ್ಮೆ ಅಧ್ಯಕ್ಷರ ಮನೆಗೆ ಹೋಗಿ, "ಹುಡುಗ್ಯಾರು ಯಾವಾಗ ಬರ್ತಾರ್ರಿ?" ಎಂದು ಕೇಳಿ ಬರುತ್ತಿದ್ದರು. ಮೊದಮೊದಲು ಅಲ್ಲಿ ಚಹಾ ಕೊಡುತ್ತಿದ್ದರು. ಆಮೇಲೆ ಕುರ್ಚಿ ಮಾತ್ರ ಕೊಟ್ಟರು. ಆಮೇಲೆ ಅವರು ಅಂಗಳದಲ್ಲಿ ನಿಂತೇ ಕೇಳಿ ಬರುತ್ತಿದ್ದರು. ಕೋರ್ಟಿಗೆ ಹೋಗಿ ಎಂದವರಿಗೆ, "ಅಲ್ಲಿ ಕಾಗದ ನೋಡ್ತಾರ. ಕಾಗದ ಅವರ ಕಡಿ ಐತಿ," ಎನ್ನುತ್ತಿದ್ದರು. ಆ ಕಾಗದದ ಮೇಲೆ ಯಾರ ಸಹಿ ಎಂದು ಎಲ್ಲೂ ಹೇಳಲಿಲ್ಲ. ನಮ್ಮ ಮನೆಗೆ ಬರುವುದನ್ನೂ ಬಿಡಲಿಲ್ಲ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಒಮ್ಮೆ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದೆ. ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬಾಕೆ ಬಂದು ಕಾಲಿಗೆ ಬಿದ್ದಳು. "ನಾನ್ರಿ ಆಯಿ, ಹಾಸ್ಟೆಲಿನಾಗ ಕಿಟಕಿ ಕಡಿ ಮಂಚ," ಎಂದಳು. ಹತ್ತನೆಯ ತರಗತಿಗೆ ಮೊದಲೇ ಮನೆಗೆ ಹೋದವಳು, ಮತ್ತೆ ಸಾಲಿ ಕಾಣಲಿಲ್ಲ. ಅವಳ ದನಿಯಲ್ಲಿ ದೂರು ಇರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು. "ಆಯಿ, ರಿಪೇರಿ ಮುಗೀತೇನ್ರಿ?"

ನಾನು ಮೆಣಸಿನಕಾಯಿ ಅಲ್ಲೇ ಬಿಟ್ಟು ಬಂದೆ.

ಅಂದಿನಿಂದ ಆ ಸಪ್ಪಳ ಶುರುವಾಯಿತು. ಕಸ ಹೊಡೆಯುವಾಗ, ಮಧ್ಯಾಹ್ನ ಅಕ್ಕಿ ಆರಿಸುವಾಗ, ಹಿಂದೆ ಯಾರೋ ಬಗ್ಗಿದ ಹಾಗೆ ಚಟ್ ಎನ್ನುತ್ತದೆ. ತಿರುಗಿದರೆ ಯಾರೂ ಇರುವುದಿಲ್ಲ. ಆಗ ಅವರಿನ್ನೂ ಬದುಕಿದ್ದರು. ಬದುಕಿದ್ದವರ ಸಪ್ಪಳ ಹೀಗೆ ಮನೆ ಹೊಕ್ಕಿದ್ದು ನನ್ನ ತಪ್ಪಿನಿಂದ ಎಂದು ನನಗೆ ಗೊತ್ತಿತ್ತು.

ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಭಾಬಿ ಬಾಗಿಲಲ್ಲಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಅಣ್ಣಾರ ಮೈ ಸಣ್ಣದಾಗಿತ್ತು. ಅಷ್ಟು ವರ್ಷಗಳ ಮೇಲೆ ಹೇಳಿದೆ. "ಅಣ್ಣಾರ, ಅವತ್ತು ಹಾಳಿ ಖಾಲಿ ಇದ್ದಾಗ ಸಹಿ ಮಾಡಿದ್ದೆ. ಮೂರು ಹಾಳಿ."

"ಗೊತ್ತಿತ್ತು," ಎಂದರು. "ಮಸಿ ಬ್ಯಾರೆ ಇತ್ತು. ನಿಮ್ಮ ಸಹಿ ಮೊದಲ ಬಂದು ಕೂತಿತ್ತು, ಮಾತು ಆಮ್ಯಾಲೆ ಬಂದಿತ್ತು."

"ಮತ್ತ ಯಾಕ ಅಲ್ಲಿ ಹೇಳಲಿಲ್ಲ?"

"ಅದು ನಿಮ್ಮ ಮಾತು. ನಾ ಹೇಳಿದ್ರ ನನ್ನ ಮಾತಾಗ್ತಿತ್ತು." ಉಸಿರು ಎಳೆದುಕೊಂಡರು. "ಮೂರರಾಗ ಎರಡು ಬಳಸ್ಯಾರ. ಒಂದು ಅಡಿಗಿ ಭಾಂಡೆ ತರೋದಕ್ಕ, ಒಂದು ರಿಪೇರಿಗೆ. ಮುಂದಿನ ಹಾಳಿ ತಿರುವಿ ನೋಡಿದ್ದೆ. ಅಲ್ಲೂ ನಿಮ್ಮ ಸಹಿ ಐತಿ ತಂಗೆವ್ವಾ. ಖಾಲಿ ಹಾಳಿ ಮ್ಯಾಲ ಅದೊಂದ ಕೂತೈತಿ."

ಆಮೇಲೆ ಕಣ್ಣು ಮುಚ್ಚಿದರು. ಭಾಬಿ, "ದಣದಾರ," ಎಂದರು. ಹನ್ನೊಂದು ದಿನಕ್ಕೆ ಅವರು ಹೋದರು.

ಮಣ್ಣು ಮುಗಿದ ಮರುದಿನ ನಾನು ಒಬ್ಬಳೇ ಹಾಸ್ಟೆಲಿಗೆ ಹೋದೆ. ಅಂಗಡಿಯವರು, "ಏನು ಬೇಕ್ರಿ ಅಮ್ಮ?" ಎಂದರು. "ಮನಿ ನೋಡಾಕ ಬಂದೀನಿ," ಎಂದು ಒಳಗೆ ಹೋದೆ. ಮಂಚಗಳಿದ್ದಲ್ಲಿ ಗೊಬ್ಬರದ ಚೀಲಗಳು. ಗೋಡೆಯಲ್ಲಿ ಹುಡುಗಿಯರು ತಮ್ಮ ಎತ್ತರ ಅಳೆದು ಇದ್ದಿಲಿನಲ್ಲಿ ಎಳೆದ ಗೆರೆಗಳು ಹಾಗೇ ಇದ್ದವು. ಕಿಟಕಿ ಕಡೆಯ ಗೆರೆ ನನ್ನ ಭುಜದವರೆಗೆ ಬಂದು ನಿಂತಿತ್ತು. ಬಚ್ಚಲಿನ ಚಿಲಕ ಒಳಗಿನಿಂದ ಹಾಕಿ ನೋಡಿದೆ. ಇನ್ನೂ ಗಟ್ಟಿ ಇತ್ತು.

ಹೋದ ವಾರ ಗುಮಾಸ್ತ ಬಂದ. ಅವನಿಗೂ ಈಗ ತಲೆ ಬೆಳ್ಳಗಾಗಿದೆ. ಕಂಕುಳಲ್ಲಿ ಅದೇ ಪುಸ್ತಕ. ನನಗೆ ವಯಸ್ಸಾಯಿತಂತೆ. ನನ್ನ ಜಾಗಕ್ಕೆ ಅಕ್ಕನ ಹೆಸರು ಸೇರಿಸುತ್ತಾರಂತೆ. ಹೌದು, ನಿನ್ನದೇ ಹೆಸರು. "ಓದಿದಾಕಿ ಅದಾಳ. ಹೆಣ್ಣುಮಗಳೂ ಆತು. ಕೊಪ್ಪಳದಾಗ ಇರ್ತಾಳಂದ್ರ ಇನ್ನೂ ಛಲೋ, ಮೀಟಿಂಗು ಅಂತ ಓಡಾಡೋ ತ್ರಾಸ ಇಲ್ಲ. ಸಹಿಗೆ ಪುಸ್ತಕ ನಾನ ಒಯ್ದು ಕೊಡ್ತೀನಿ," ಎಂದ. ಬೆರಳು ಇಟ್ಟು ತೋರಿಸಿದ. "ಇಲ್ಲೊಂದು ಸಹಿ ಮಾಡಿಬಿಡ್ರಿ ಅಮ್ಮಾರ."

"ಚಹಾ ಕುಡೀರಿ," ಎಂದೆ. ಕನ್ನಡಕ ಹುಡುಕಿ ತಂದೆ. ಅವನು ಬೆರಳಿಟ್ಟ ಹಾಳೆ ಬಿಟ್ಟು ಹಿಂದಕ್ಕೆ ತಿರುವುತ್ತಾ ಹೋದೆ. ಮೂಲೆಯ ಅಂಕಿಗಳೆಲ್ಲ ಅಣ್ಣಾರವು, ಎಡಕ್ಕೆ ವಾಲಿದ ಅಂಕಿಗಳು. ರಿಪೇರಿಯ ಹಾಳೆ ಸಿಕ್ಕಿತು. ಅದರ ಮುಂದಿನದು ಖಾಲಿ. ಕೆಳಗೆ ನನ್ನ ಸಹಿ ಕೂತಿತ್ತು. ಆಗಿನ ಕೈ, ನಡುಗದ ಕೈ.

ಪೆನ್ನು ತೆಗೆದುಕೊಂಡು ಆ ಹಾಳೆಯ ಮೇಲಿಂದ ಬರೆಯತೊಡಗಿದೆ.

"ಅಮ್ಮಾರ, ಅದಲ್ರಿ. ಅದು ಬ್ಯಾರೆ ಹಾಳಿ," ಎಂದ ಗುಮಾಸ್ತ.

"ನನ್ನ ಸಹಿ ಐತಲ್ಲಪ. ನಂದ ಹಾಳಿ," ಎಂದೆ.

ಹೀಗೆ ಬರೆದೆ. 'ರಿಪೇರಿ ಮುಗಿಯಿತೇ? ಹುಡುಗಿಯರು ಯಾವಾಗ ಬರುತ್ತಾರೆ? ಇದಕ್ಕೆ ಉತ್ತರ ಸಿಗುವವರೆಗೆ ನನ್ನ ಜಾಗವನ್ನು ಯಾರಿಗೂ ಕೊಡುವುದಿಲ್ಲ. ಈ ಹಾಳೆಯ ಹಿಂದಿನ ಹಾಳೆಗೆ ನಾನು ಸಹಿ ಮಾಡಿದಾಗ ಅದು ಖಾಲಿ ಇತ್ತು. ಅದರಲ್ಲಿ ಇರುವ ಮಾತು ನನ್ನದಲ್ಲ.' ಅಕ್ಷರ ದೊಡ್ಡದಾಗಿ ಬರೆದು, ಸಹಿಯ ತಲೆಗೆ ತಾಗುವವರೆಗೆ ಜಾಗ ತುಂಬಿಸಿದೆ. ನಡುವೆ ಇನ್ನೊಂದು ಸಾಲು ಕೂಡ ತೂರಿಸಲಾಗದ ಹಾಗೆ.

"ಪುಸ್ತಕ ಕೆಡಿಸಿದ್ರಿ," ಎಂದ ಅವನು. ಚಹಾ ಕುಡಿಯಲಿಲ್ಲ. ಆ ಹಾಳೆ ಹರಿದುಹಾಕಬಹುದು. ಹರಿದರೆ ನಂಬರ್ ತಪ್ಪುತ್ತದೆ, ಅದು ಅವನಿಗೂ ಗೊತ್ತು. ಮುಂದೇನಾಗುತ್ತದೋ ನನಗೆ ತಿಳಿಯದು. ನಿಮ್ಮ ಅಪ್ಪ ಕೇಳಿ ಹೆದರಿಕೊಂಡಿದ್ದಾನೆ. ಇನ್ನು ಮೀಟಿಂಗ್ ಕರೆದರೆ ನಾನೇ ಹೋಗುತ್ತೇನೆ. ಮಾತಾಡಲು ಬರುವುದೋ ಇಲ್ಲವೋ, ಬರೆದದ್ದನ್ನು ಓದಲು ಬರುತ್ತದೆ. ಅಕ್ಕಾ, ಒಂದು ದಿನ ಆ ಜಾಗ ನಿನ್ನದಾದರೆ ಆಗಲಿ. ಆದರೆ ಅವತ್ತು ಮೊದಲು ಆ ಮನೆಯೊಳಗೆ ಹೋಗು. ಕೂರಬೇಡ, ಮೊದಲು ನೋಡು.

ಗುಮಾಸ್ತ ಹೋದ ಮೇಲೆ ನೋಡಿದರೆ ಪೆನ್ನಿನ ಮುಚ್ಚಳ ಇರಲಿಲ್ಲ. ಉರುಳಿ ಮಂಚದ ಕೆಳಗೆ ಹೋಗಿತ್ತು. ಸೊಂಟ ಹಿಡಿದುಕೊಂಡು ಬಗ್ಗಿದೆ. ಚಟ್ ಎಂದಿತು. ನಾನು ಗಕ್ಕನೆ ಹಿಂದೆ ತಿರುಗಿ, "ಬರ್ರಿ ಅಣ್ಣಾರ," ಎಂದೆ. ಬಾಗಿಲಲ್ಲಿ ಬಿಸಿಲು ಮಾತ್ರ ಇತ್ತು. ಸಪ್ಪಳ ಬಂದದ್ದು ನನ್ನದೇ ಮೊಣಕಾಲಿನಿಂದ.